ಸಂಶೋಧನೆಯ ಹಣ: ಎಷ್ಟು ಎಂಬುದರ ಜೊತೆಗೆ ಯಾವಾಗ ಎಂಬ ಪ್ರಶ್ನೆ

2024ರ ಜುಲೈ 23ರಂದು ಮಂಡನೆಯಾದ ಕೇಂದ್ರ ಬಜೆಟ್‌ನಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಬದಲಾವಣೆ ಇತ್ತು. ಪ್ರಯೋಗಾಲಯದ ರಾಸಾಯನಿಕಗಳ ಮೇಲಿನ ಮೂಲ ಆಮದು ಸುಂಕವನ್ನು ಶೇ 10ರಿಂದ ಒಮ್ಮೆಗೇ ಶೇ 150ಕ್ಕೆ ಏರಿಸಲಾಗಿತ್ತು. ವಿಜ್ಞಾನಿಗಳಿಗೆ ತೊಂದರೆ ಕೊಡುವ ಉದ್ದೇಶ ಸರ್ಕಾರಕ್ಕೆ ಇರಲಿಲ್ಲ. ಈ ಶೀರ್ಷಿಕೆಯಡಿ ಬೇರೆ ಕೆಲಸಕ್ಕೆ ಸರಕು ತರಿಸುವವರನ್ನು ತಡೆಯುವುದಷ್ಟೇ ಗುರಿಯಾಗಿತ್ತು. ಪ್ರಯೋಗಾಲಯಗಳಿಂದ ಆಕ್ಷೇಪ ಕೇಳಿಬಂದ ಮೇಲೆ ಕೆಲವೇ ದಿನಗಳಲ್ಲಿ, ನಿಜವಾದ ಬಳಕೆದಾರರು ಮುಚ್ಚಳಿಕೆ ಬರೆದುಕೊಟ್ಟರೆ ಹಳೆಯ ಶೇ 10ರ ದರವೇ ಸಾಕು ಎಂಬ ತಿದ್ದುಪಡಿಯೂ ಬಂತು. ತಪ್ಪನ್ನು ಬೇಗ ಸರಿಪಡಿಸಿದ್ದಕ್ಕೆ ಸರ್ಕಾರವನ್ನು ಮೆಚ್ಚಬೇಕು. ಆದರೆ ಪ್ರಯೋಗಾಲಯಗಳ ಮೇಲೆ ನೇರವಾಗಿ ಬೀಳುವ ನಿರ್ಧಾರವೊಂದು ಯಾವ ಪ್ರಯೋಗಾಲಯವನ್ನೂ ಕೇಳದೆ ಹಣಕಾಸು ಮಸೂದೆಯ ಒಳಗೆ ಸೇರಿಕೊಂಡಿತ್ತು ಎಂಬುದು ನಮ್ಮ ವಿಜ್ಞಾನ ನೀತಿಯ ಬಗ್ಗೆ ಬಹಳಷ್ಟನ್ನು ಹೇಳುತ್ತದೆ. ಬಡ ಸಂಶೋಧನಾ ವ್ಯವಸ್ಥೆಯೊಂದಕ್ಕೆ ಹಣದ ಕೊರತೆಯಷ್ಟೇ ಪೆಟ್ಟು ಕೊಡುವುದು ಈ ಅನಿಶ್ಚಿತತೆ.

ಶ್ರೀಮಂತ ಮತ್ತು ಬಡ ದೇಶಗಳ ವಿಜ್ಞಾನವನ್ನು ಹೋಲಿಸುವಾಗ ಮಾತು ಸಾಮಾನ್ಯವಾಗಿ ಜಿಡಿಪಿಯ ಶೇಕಡಾವಾರಿನಲ್ಲೇ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. 2020–21ರಲ್ಲಿ ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡಿದ್ದು ಸುಮಾರು ₹1.27 ಲಕ್ಷ ಕೋಟಿ, ಅಂದರೆ ಜಿಡಿಪಿಯ ಶೇ 0.64. ಅಮೆರಿಕದ್ದು ಶೇ 3.5ರ ಆಸುಪಾಸು, ದಕ್ಷಿಣ ಕೊರಿಯಾದ್ದು ಶೇ 5ರ ಸಮೀಪ, ಚೀನಾದ್ದು ಶೇ 2.5ಕ್ಕೂ ಹೆಚ್ಚು. ಹತ್ತು ಲಕ್ಷ ಜನಸಂಖ್ಯೆಗೆ ನಮ್ಮಲ್ಲಿರುವ ಸಂಶೋಧಕರು 262. ಈ ಅಂತರ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಎರಡು ದಶಕಗಳಿಂದ ನಾವು ಈ ಒಂದೇ ಅಂಕಿಯನ್ನು ಹಿಡಿದು ಕೂತಿದ್ದೇವೆ. 2003ರ ವಿಜ್ಞಾನ ಮತ್ತು ತಂತ್ರಜ್ಞಾನ ನೀತಿಯಲ್ಲಿ ಶೇ 2ರ ಗುರಿ ಇತ್ತು, 2013ರ ನೀತಿಯಲ್ಲೂ ಅದೇ ಗುರಿ ಇತ್ತು, ಖರ್ಚು ಮಾತ್ರ ಶೇ 0.6–0.8ರ ನಡುವೆಯೇ ಉಳಿಯಿತು. ಈ ಚರ್ಚೆಯಲ್ಲಿ ಮರೆಗೆ ಸರಿದಿರುವ ಇನ್ನೊಂದು ಅಂತರವಿದೆ. ಶ್ರೀಮಂತ ವ್ಯವಸ್ಥೆಯಲ್ಲಿ ಏಟನ್ನು ತಾಳಿಕೊಳ್ಳುವ ಆಸರೆಗಳು ಹಲವು ಇರುತ್ತವೆ. ಬಡ ವ್ಯವಸ್ಥೆಯಲ್ಲಿ ಒಂದೂ ಇರುವುದಿಲ್ಲ. ಹೀಗಾಗಿ ಒಂದೇ ನಿಯಮ, ಒಂದೇ ವಿಳಂಬ ಎರಡು ಕಡೆ ಎರಡು ಬಗೆಯ ಫಲ ಕೊಡುತ್ತದೆ. ನಮ್ಮ ನೀತಿಗಳು ಈ ಸರಳ ಸಂಗತಿಯನ್ನು ಗಮನಕ್ಕೆ ತಂದುಕೊಂಡೇ ಇಲ್ಲ.

ಆಸರೆ ಎಂದರೇನು ಎಂಬುದನ್ನು 2025ರಲ್ಲಿ ಅಮೆರಿಕದಲ್ಲೇ ಕಾಣಬಹುದಿತ್ತು. ಅಲ್ಲಿನ ಕೇಂದ್ರ ಸರ್ಕಾರ ಹಾರ್ವರ್ಡ್ ವಿಶ್ವವಿದ್ಯಾಲಯದ 200 ಕೋಟಿ ಡಾಲರ್‌ಗೂ ಹೆಚ್ಚಿನ ಸಂಶೋಧನಾ ಅನುದಾನವನ್ನು ತಡೆಹಿಡಿದಾಗ ವಿಶ್ವವಿದ್ಯಾಲಯ ತನ್ನದೇ ಕೈಯಿಂದ 25 ಕೋಟಿ ಡಾಲರ್ ತೆಗೆದಿರಿಸಿ, ಕೆಲಸ ತಕ್ಷಣ ನಿಲ್ಲದಂತೆ ನೋಡಿಕೊಳ್ಳಲು ಮುಂದಾಯಿತು. ನಷ್ಟವನ್ನು ಅದು ಪೂರ್ತಿ ತುಂಬಲಿಲ್ಲ, ಅನೇಕರ ಕೆಲಸಕ್ಕೆ ಕುತ್ತು ಬಂತು. ಹಾಗಿದ್ದರೂ ಆಸ್ತಿಯ ಬಲವಿದ್ದ ಸಂಸ್ಥೆಗೆ ನ್ಯಾಯಾಲಯಕ್ಕೆ ಹೋಗುವಷ್ಟು ಸಮಯ ಸಿಕ್ಕಿತು. ಇದು ಅಪರೂಪದ ಬಿಕ್ಕಟ್ಟಿನ ಮಾತು. ದಿನನಿತ್ಯದ ಆಸರೆಗಳು ಇನ್ನೂ ಸಾಧಾರಣವಾದವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪ್ರಮುಖ ಅನುದಾನಗಳು ನಾಲ್ಕೈದು ವರ್ಷದ ಅವಧಿಯವು. ವರ್ಷಾಂತ್ಯದಲ್ಲಿ ಉಳಿದ ಹಣವನ್ನು ಬಹುಪಾಲು ಯೋಜನೆಗಳು ಮುಂದಿನ ವರ್ಷಕ್ಕೆ ಒಯ್ಯಬಹುದು. ಅವಧಿ ಮುಗಿದರೆ, ಹೆಚ್ಚುವರಿ ಹಣ ಕೇಳದೆ ಒಂದು ವರ್ಷದವರೆಗೆ ಮುಂದುವರಿಸುವ ನಿರ್ಧಾರವನ್ನು ಒಂದು ಸಲ ಸಂಸ್ಥೆಯೇ ತೆಗೆದುಕೊಳ್ಳಬಹುದು. ಕೇಂದ್ರದ ಅನುದಾನದಲ್ಲಿ ಸುಮಾರು 10,000 ಡಾಲರ್‌ವರೆಗಿನ ವಸ್ತುವನ್ನು ಹಲವು ದರಪಟ್ಟಿ ತರಿಸದೆ ಕೊಳ್ಳುವ ಅವಕಾಶ ವರ್ಷಗಳಿಂದ ಇದೆ. ಇವು ಯಾವುವೂ ದುಬಾರಿ ಸೌಲಭ್ಯಗಳಲ್ಲ. ಕಾಗದದ ಮೇಲಿನ ನಾಲ್ಕು ಸಾಲುಗಳು.

ಇಲ್ಲಿನ ಒಂದು ಸಣ್ಣ ಪ್ರಯೋಗಾಲಯದ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಜೀವವಿಜ್ಞಾನದ ವಿದ್ಯಾರ್ಥಿಯೊಬ್ಬರಿಗೆ ವಿದೇಶದಿಂದ ಒಂದು ಕಿಣ್ವ ಬರಬೇಕಿದೆ. ಅದನ್ನು ಮೈನಸ್ 20 ಡಿಗ್ರಿಯಲ್ಲಿಡಬೇಕು, ಪೆಟ್ಟಿಗೆಯಲ್ಲಿ ಡ್ರೈ ಐಸ್ ತುಂಬಿರುತ್ತಾರೆ. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಯಾವುದೋ ಪ್ರಮಾಣಪತ್ರದ ನಕಲಿಗಾಗಿ ಪೆಟ್ಟಿಗೆ ಶುಕ್ರವಾರ ನಿಂತರೆ ಸೋಮವಾರದ ಹೊತ್ತಿಗೆ ಡ್ರೈ ಐಸ್ ಆವಿಯಾಗಿರಬಹುದು, ಕಿಣ್ವ ಸತ್ತಿರಬಹುದು. ಅದು ಸತ್ತಿದೆ ಎಂಬುದು ಗೊತ್ತಾಗುವುದು ಪ್ರಯೋಗ ಎರಡು ಮೂರು ಬಾರಿ ಕೆಟ್ಟ ಮೇಲೆ. ಮತ್ತೆ ತರಿಸಲು ಹೊಸ ಇಂಡೆಂಟು, ಹೊಸ ದರಪಟ್ಟಿ, ಹೊಸ ಮಂಜೂರಾತಿ. ಅಷ್ಟರಲ್ಲಿ ಮಾರ್ಚ್ 31 ಬಂದರೆ ಖರ್ಚಾಗದ ಹಣ ಕೈ ಬಿಡುತ್ತದೆ. ಮುಂದಿನ ಕಂತು ಬರಬೇಕಾದರೆ ಹಿಂದಿನದರ ಬಳಕೆ ಪ್ರಮಾಣಪತ್ರ, ಪ್ರಯೋಗಾಲಯಗಳ ಮಾತಿನಲ್ಲಿ ‘ಯುಸಿ’, ದೆಹಲಿ ತಲುಪಿ ಅಲ್ಲಿ ಒಪ್ಪಿಗೆ ಪಡೆಯಬೇಕು. ಇದರ ನಡುವೆ ಒಂದು ಗಡಿಯಾರ ಮಾತ್ರ ನಿಲ್ಲದೆ ಓಡುತ್ತಿರುತ್ತದೆ: ಆ ವಿದ್ಯಾರ್ಥಿಯ ಐದು ವರ್ಷದ ಫೆಲೋಶಿಪ್. 2023ರ ಜನವರಿಯಿಂದ ಕಿರಿಯ ಸಂಶೋಧಕರ ಮಾಸಿಕ ಫೆಲೋಶಿಪ್ ₹31,000ದಿಂದ ₹37,000ಕ್ಕೆ ಏರಿದ್ದು ಒಳ್ಳೆಯದೇ. ಆದರೆ 2024–25ರಲ್ಲಿ ದೇಶದ ನಾನಾ ಕಡೆ ಸಂಶೋಧನಾ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಫೆಲೋಶಿಪ್ ಬಾರದೆ ಬಾಡಿಗೆಗೂ ಸಾಲ ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮನೆಯ ಕಡೆಯಿಂದ ನೆರವು ಸಿಗದ, ಮೊದಲ ತಲೆಮಾರಿನ ಪದವೀಧರರಾದ ವಿದ್ಯಾರ್ಥಿಗಳನ್ನು ಇಂಥ ವಿಳಂಬ ಸಂಶೋಧನೆಯಿಂದಲೇ ಹೊರದೂಡುತ್ತದೆ. ಯಾರು ವಿಜ್ಞಾನಿಯಾಗಬಹುದು ಎಂಬುದನ್ನು ನಮ್ಮಲ್ಲಿ ಪ್ರವೇಶ ಪರೀಕ್ಷೆಯಷ್ಟೇ ಖಚಿತವಾಗಿ ಹಣ ಬಿಡುಗಡೆಯ ದಿನಾಂಕವೂ ತೀರ್ಮಾನಿಸುತ್ತಿದೆ. ಇದು ಈ ಲೇಖನದಲ್ಲಿ ನನಗೆ ಎಲ್ಲಕ್ಕಿಂತ ನೋವಿನ ಸಂಗತಿ.

ನಿಯಮಗಳ ಭಾರ ಇನ್ನೂ ಇದೆ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗೆ ಇದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ 2022ರ ಜುಲೈನಲ್ಲಿ ಹೋಯಿತು. ಸರ್ಕಾರ ಒಂದು ಕೈಯಿಂದ ಕೊಟ್ಟ ಅನುದಾನದ ದೊಡ್ಡ ಪಾಲು ತೆರಿಗೆಯಾಗಿ ಇನ್ನೊಂದು ಕೈಗೆ ಮರಳತೊಡಗಿತು. ಮುಂದೆ ಸಂಶೋಧನಾ ಅನುದಾನಕ್ಕೇ ತೆರಿಗೆ ಕೇಳಿ ಐಐಟಿಯಂಥ ಸಂಸ್ಥೆಗಳಿಗೆ ನೋಟಿಸು ಹೋಗಿ, 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಅನುದಾನಗಳಿಗೆ ವಿನಾಯಿತಿ ಕೊಡಬೇಕಾಯಿತು. ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ಲಿನ ಕಡ್ಡಾಯ ಖರೀದಿಯೂ ಹೀಗೆಯೇ. ಕುರ್ಚಿ, ಪ್ರಿಂಟರುಗಳಿಗೆ ಚೆನ್ನಾಗಿ ಹೊಂದುವ ಕನಿಷ್ಠ ದರದ ನಿಯಮ, ಶುದ್ಧತೆಯೇ ಮುಖ್ಯವಾದ ರಾಸಾಯನಿಕಕ್ಕೆ ಹೊಂದುವುದಿಲ್ಲ. ಇದನ್ನು ಒಪ್ಪಿಕೊಂಡ ಕೇಂದ್ರ 2025ರ ಜೂನ್‌ನಲ್ಲಿ, ಜೆಮ್ ಹೊರಗೆ ಕೊಳ್ಳುವ ಅಧಿಕಾರವನ್ನು ವಿಜ್ಞಾನ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಿ, ದರಪಟ್ಟಿಯಿಲ್ಲದ ನೇರ ಖರೀದಿಯ ಮಿತಿಯನ್ನು ₹1 ಲಕ್ಷದಿಂದ ₹2 ಲಕ್ಷಕ್ಕೆ ಏರಿಸಿತು. ಇನ್ನು ಶ್ರೀಮಂತ ದೇಶಗಳಿಂದಲೇ ಬರುವ ಭಾರವೂ ಇದೆ. ಸಂಶೋಧನಾ ಪ್ರಬಂಧ ಎಲ್ಲರಿಗೂ ಉಚಿತವಾಗಿ ಓದಲು ಸಿಗಬೇಕು ಎಂಬ ಯುರೋಪಿನ ನಿಲುವು ಉದಾತ್ತವಾದದ್ದೇ. ಅದರ ಖರ್ಚನ್ನು ಬರೆದವರ ಮೇಲೆ ಹಾಕಿದಾಗ ‘ನೇಚರ್’ ಪತ್ರಿಕೆ 2021ರಲ್ಲಿ ನಿಗದಿಪಡಿಸಿದ ಶುಲ್ಕ 9,500 ಯೂರೊ. ಅದು ನಮ್ಮ ಒಬ್ಬ ಕಿರಿಯ ಸಂಶೋಧಕರ ಸುಮಾರು ಎರಡು ವರ್ಷದ ಫೆಲೋಶಿಪ್‌ಗೆ ಸಮ.

ಹಾಗಾದರೆ ಬಡ ವ್ಯವಸ್ಥೆಯಲ್ಲಿ ನಿಶ್ಚಿತತೆಯನ್ನು ಕಟ್ಟುವುದು ಸಾಧ್ಯವೇ? ಸಾಧ್ಯ ಎಂಬುದಕ್ಕೆ ನನಗೆ ತೋರುವ ಅತ್ಯುತ್ತಮ ಸಾಕ್ಷಿ ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯ. ಅಲ್ಲಿನ ಸಂಶೋಧನಾ ಪ್ರತಿಷ್ಠಾನ ‘ಫಾಪೆಸ್ಪ್’ 1962ರಲ್ಲಿ ಶುರುವಾಯಿತು. ರಾಜ್ಯದ ತೆರಿಗೆ ಆದಾಯದ ನಿಗದಿತ ಪಾಲು ಅದಕ್ಕೆ ಸಲ್ಲಬೇಕೆಂದು ರಾಜ್ಯದ ಸಂವಿಧಾನವೇ ಹೇಳುತ್ತದೆ. ಮೊದಲು ಶೇ 0.5 ಇದ್ದ ಪಾಲು 1989ರಲ್ಲಿ ಶೇ 1 ಆಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಆ ಹಣ ವರ್ಷದ ಕೊನೆಗೆ ಬಾಕಿಯಾಗಿ ಉಳಿಯದೆ ತಿಂಗಳು ತಿಂಗಳು ಕಂತಾಗಿ ಸಂದಾಯವಾಗುತ್ತದೆ. ಆಡಳಿತಕ್ಕೆ ಪ್ರತಿಷ್ಠಾನ ಬಜೆಟ್‌ನ ಶೇ 5ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಅನುದಾನದ ಜೊತೆಗೆ, ಮುಂಚೆ ಊಹಿಸಲಾಗದ ಖರ್ಚಿಗೆಂದು ಸಂಶೋಧಕರಿಗೆ ಒಂದು ಮೀಸಲು ಮೊತ್ತವನ್ನೂ ಕೊಡುತ್ತಾರೆ. ಉಪಕರಣ ಕೆಟ್ಟರೆ, ಪೆಟ್ಟಿಗೆ ದಾರಿಯಲ್ಲಿ ಹಾಳಾದರೆ ಹೊಸ ಅರ್ಜಿ ಬರೆಯುತ್ತಾ ಕೂರಬೇಕಿಲ್ಲ. ಶ್ರೀಮಂತ ದೇಶಗಳಲ್ಲಿ ತಾನಾಗಿಯೇ ಇರುವ ಆಸರೆಯನ್ನು ಸಾವೊ ಪಾಲೊ ಕಾನೂನಿನ ಮೂಲಕ ಬೇಕೆಂದೇ ನಿರ್ಮಿಸಿತು.

ಫಲ ಏನಾಯಿತು? 1980ರ ದಶಕದ ಕೊನೆಯಲ್ಲಿ ಸಾವೊ ಪಾಲೊದ ಕಿತ್ತಳೆ ತೋಟಗಳಿಗೆ ಎಲೆಗಳಲ್ಲಿ ಹಳದಿ ಮಚ್ಚೆ ಮೂಡಿಸಿ ಕಾಯಿಯನ್ನು ಚಿಕ್ಕದಾಗಿಯೂ ಗಟ್ಟಿಯಾಗಿಯೂ ಮಾಡುವ ರೋಗ ಬಿತ್ತು. ಅದಕ್ಕೆ ಕಾರಣವಾದ ಕ್ಸೈಲೆಲ್ಲಾ ಫಾಸ್ಟಿಡಿಯೋಸಾ ಎಂಬ ಬ್ಯಾಕ್ಟೀರಿಯಾದ ಇಡೀ ಜೀನೋಮನ್ನು ಓದುವ ಯೋಜನೆಯನ್ನು ಫಾಪೆಸ್ಪ್ 1997ರಲ್ಲಿ ಕೈಗೆತ್ತಿಕೊಂಡಿತು. ದೊಡ್ಡ ಕಟ್ಟಡವೊಂದನ್ನು ಕಟ್ಟಿ ಎಲ್ಲರನ್ನೂ ಅಲ್ಲಿಗೆ ಕರೆಯುವ ಬದಲು, ರಾಜ್ಯದಲ್ಲಿ ಹರಡಿದ್ದ ಮೂವತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಕೆಲಸ ಹಂಚಿತು. ಅವುಗಳಲ್ಲಿ ಹೆಚ್ಚಿನವಕ್ಕೆ ಈ ತಂತ್ರ ಹೊಸದು. ಕೆಲಸ ಮಾಡುತ್ತಲೇ ಕಲಿತರು. 2000ದ ಜುಲೈನಲ್ಲಿ ಫಲಿತಾಂಶ ‘ನೇಚರ್’ನಲ್ಲಿ ಪ್ರಕಟವಾಯಿತು. ಸಸ್ಯರೋಗವೊಂದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾದ ಜೀನೋಮ್ ಪೂರ್ತಿಯಾಗಿ ಸಿಕ್ಕಿದ್ದು ಜಗತ್ತಿನಲ್ಲಿ ಅದೇ ಮೊದಲು. ಎರಡು ವರ್ಷದ ನಂತರ ಆ ಯೋಜನೆಯಲ್ಲಿ ದುಡಿದ ವಿಜ್ಞಾನಿಗಳು ಅಲೆಲಿಕ್ಸ್ ಎಂಬ ಕಂಪನಿ ಕಟ್ಟಿದರು. ಬ್ರೆಜಿಲ್‌ನ ದೊಡ್ಡ ಉದ್ಯಮ ಸಮೂಹವೊಂದು ಬಂಡವಾಳ ಹೂಡಿತು. ಅದೇ ದೇಶದ ಕೇಂದ್ರ ಸರ್ಕಾರದ ವಿಜ್ಞಾನ ನಿಧಿಯ ಕಥೆ ಬೇರೆ. ಆರ್ಥಿಕ ಬಿಕ್ಕಟ್ಟು ಬಂದಾಗಲೆಲ್ಲ ಅದನ್ನು ತಡೆಹಿಡಿಯುತ್ತಿದ್ದರು. 2019ರಲ್ಲಿ ವಿದ್ಯಾರ್ಥಿವೇತನಕ್ಕೆ ಹಣ ಸಾಲದೆ ರಾಷ್ಟ್ರೀಯ ಸಂಶೋಧನಾ ಮಂಡಳಿ ಹೊಸ ವೇತನಗಳನ್ನೇ ನಿಲ್ಲಿಸಬೇಕಾಯಿತು. ಸಾವೊ ಪಾಲೊ ಬ್ರೆಜಿಲ್‌ನ ಅತಿ ಶ್ರೀಮಂತ ರಾಜ್ಯ, ಆದ್ದರಿಂದ ಹೋಲಿಕೆ ಪೂರ್ತಿ ಸಮವಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಒಂದೇ ದೇಶ, ಒಂದೇ ಕರೆನ್ಸಿ, ಒಂದೇ ಬಗೆಯ ಬಿಕ್ಕಟ್ಟುಗಳ ನಡುವೆ ಒಂದು ನಿಧಿ ನಿಂತಿತು, ಇನ್ನೊಂದು ಕುಸಿಯಿತು. ಶ್ರೀಮಂತಿಕೆಯೊಂದೇ ಇದನ್ನು ವಿವರಿಸಲಾರದು.

ನಮ್ಮಲ್ಲೂ ಇದಕ್ಕೆ ಉದಾಹರಣೆ ಇದೆ, ಅದನ್ನು ನಾವು ತಪ್ಪಾಗಿ ಓದುತ್ತಿದ್ದೇವೆ ಎಂಬುದು ನನ್ನ ಅನಿಸಿಕೆ. ಚಂದ್ರಯಾನ–3ಕ್ಕೆ ತಗುಲಿದ್ದು ಸುಮಾರು ₹615 ಕೋಟಿ. ಬುದ್ಧಿ ಮತ್ತು ಶ್ರಮವಿದ್ದರೆ ಕಡಿಮೆ ಹಣವೂ ಸಾಕು ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಕೊಡುವವರು ಬಹಳ. ಆದರೆ ಇಸ್ರೊ ಕೆಲಸ ಮಾಡುವ ಚೌಕಟ್ಟು ಹೇಗೆ ಬಂತು? 1972ರಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ರಚನೆಯಾದವು. ಇಲಾಖೆ ನೇರವಾಗಿ ಪ್ರಧಾನಿಯ ಅಡಿಯಲ್ಲಿ ಬಂತು, ಆಯೋಗಕ್ಕೆ ಆಡಳಿತ ಮತ್ತು ಹಣಕಾಸಿನ ವಿಶಾಲ ಅಧಿಕಾರ ಸಿಕ್ಕಿತು, ಖರೀದಿಗೆ ತನ್ನದೇ ನಿಯಮಾವಳಿ ರೂಪುಗೊಂಡಿತು. ಸತೀಶ್ ಧವನ್ ಇಸ್ರೊದ ಹೊಣೆ ಹೊತ್ತಾಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೇ ಉಳಿಯುವುದಕ್ಕೂ ಪ್ರಧಾನ ಕಚೇರಿಯನ್ನು ಬೆಂಗಳೂರಿನಲ್ಲಿ ಇಡುವುದಕ್ಕೂ ಒಪ್ಪಿಗೆ ಪಡೆದರು. ಅದಕ್ಕೂ ಮುಂಚೆ, 1958ರಲ್ಲಿ, ಪರಮಾಣು ಶಕ್ತಿ ಆಯೋಗಕ್ಕೆ ಇಂಥದೇ ಸ್ವಾತಂತ್ರ್ಯ ದೊರೆತಿತ್ತು. ಇಂದಿನದಕ್ಕಿಂತ ಬಹಳ ಬಡವಾಗಿದ್ದ ದೇಶ, ಎರಡು ಕ್ಷೇತ್ರಗಳಿಗೆ ಮಾತ್ರ, ಹಣಕ್ಕಿಂತ ಮೊದಲು ನಿಶ್ಚಿತತೆಯನ್ನು ಕೊಟ್ಟಿತು. ಅರ್ಧ ಶತಮಾನದ ಸ್ಥಿರತೆಯ ಮೇಲೆ ನಿಂತ ಯಶಸ್ಸನ್ನು ತೋರಿಸಿ, ಆ ಸ್ಥಿರತೆಯನ್ನೇ ಕಾಣದ ವಿಶ್ವವಿದ್ಯಾಲಯಗಳಿಗೆ ಮಿತವ್ಯಯದ ಪಾಠ ಹೇಳುವುದು ನ್ಯಾಯವಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಲೆಕ್ಕಪತ್ರದ್ದು. ಇದು ಜನರ ತೆರಿಗೆ ಹಣ. ಸಾವಿರಾರು ಬ್ಯಾಂಕ್ ಖಾತೆಗಳಲ್ಲಿ ಸುಮ್ಮನೆ ಬಿದ್ದಿರುವ ಅನುದಾನಕ್ಕೆ ಸರ್ಕಾರ ಸಾಲದ ಬಡ್ಡಿ ತೆರುತ್ತಿರುತ್ತದೆ. ಬೇಕಾದಾಗ ಬೇಕಾದಷ್ಟೇ ಬಿಡುಗಡೆ ಮಾಡುವ ಈಗಿನ ಪದ್ಧತಿ ಅದನ್ನು ತಪ್ಪಿಸುತ್ತದೆ ಎನ್ನುತ್ತಾರೆ ಹಣಕಾಸು ಅಧಿಕಾರಿಗಳು. ವಾದದಲ್ಲಿ ಹುರುಳಿದೆ. ಹಿಂದೆ ವರ್ಷಗಟ್ಟಲೆ ಖರ್ಚಾಗದೆ ಉಳಿದ ಅನುದಾನಗಳು ಇದ್ದದ್ದು ನಿಜ, ದುರುಪಯೋಗವೂ ಕಂಡಿದೆ. ಆದರೆ ಈ ಲೆಕ್ಕದಲ್ಲಿ ಒಂದು ಬದಿ ಮಾತ್ರ ಇದೆ. ಹಣ ಸುಮ್ಮನೆ ಬಿದ್ದರೆ ಆಗುವ ನಷ್ಟವನ್ನು ಬಡ್ಡಿಯಲ್ಲಿ ಅಳೆಯುತ್ತಾರೆ. ಕೋಟಿ ರೂಪಾಯಿಯ ಉಪಕರಣ ಒಂದು ಬಿಡಿಭಾಗಕ್ಕಾಗಿ ಆರು ತಿಂಗಳು ಮುಚ್ಚಿಟ್ಟರೆ, ತರಬೇತಾದ ಸಂಶೋಧಕರು ಕೈಕಟ್ಟಿ ಕೂತರೆ ಆಗುವ ನಷ್ಟವನ್ನು ಬರೆಯಲು ಯಾವ ಕಾಲಮ್ಮೂ ಇಲ್ಲ. ಪರಿಶೀಲನೆಯನ್ನು ಕೈಬಿಡಿ ಎಂದು ಯಾರೂ ಕೇಳುತ್ತಿಲ್ಲ. ಪ್ರತಿ ಸಣ್ಣ ಖರೀದಿಗೂ ಮುಂಚೆ ತಡೆ ಹಾಕುವುದರ ಬದಲು, ಖರ್ಚಾದ ಮೇಲೆ ಆಯ್ದ ಯೋಜನೆಗಳನ್ನು ಕಟ್ಟುನಿಟ್ಟಾಗಿ ತಪಾಸಣೆ ಮಾಡಿ, ತಪ್ಪಿದವರಿಗೆ ಮುಂದಿನ ಅನುದಾನ ನಿಲ್ಲಿಸಬಹುದು. ಖರ್ಚಿನ ಪೂರ್ತಿ ಲೆಕ್ಕ ಕೇಳುವುದರಲ್ಲಿ ಫಾಪೆಸ್ಪ್ ಕೂಡ ಸಡಿಲವಲ್ಲ.

ಎರಡನೆಯದು ಖಾಸಗಿ ವಲಯದ ವಾದ. ಶ್ರೀಮಂತ ದೇಶಗಳಲ್ಲಿ ಸಂಶೋಧನೆಯ ಬಹುಪಾಲು ಖರ್ಚು ಕಂಪನಿಗಳದ್ದು, ನಮ್ಮಲ್ಲಿ ಅವುಗಳ ಪಾಲು ಶೇ 36ರಷ್ಟು ಮಾತ್ರ. ಹಾಗಾಗಿ ಸರ್ಕಾರ ಎಲ್ಲವನ್ನೂ ಹೊರುವ ಬದಲು ಉದ್ಯಮವನ್ನು ಕರೆತರಲಿ ಎಂಬುದು ಇದರ ಸಾರ. ಕೇಂದ್ರ ಈ ದಾರಿಯನ್ನೇ ಹಿಡಿದಿದೆ. 2023ರ ಕಾನೂನಿನಿಂದ ರಚನೆಯಾದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ ₹50,000 ಕೋಟಿ ಎಂದು ಹೇಳಲಾಯಿತು. ಅದರಲ್ಲಿ ₹36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆ. 2025ರಲ್ಲಿ ₹1 ಲಕ್ಷ ಕೋಟಿಯ ಇನ್ನೊಂದು ನಿಧಿಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ಅದು ಮುಖ್ಯವಾಗಿ ಖಾಸಗಿ ಉದ್ಯಮಗಳಿಗೆ, ಪ್ರಯೋಗದ ಮೊದಲ ಹಂತ ದಾಟಿದ ತಂತ್ರಜ್ಞಾನಕ್ಕೆ ಕಡಿಮೆ ಬಡ್ಡಿಯಲ್ಲಿ ಹಣ ಒದಗಿಸುವಂಥದು. ಎರಡೂ ಬೇಕಾದ ಯೋಜನೆಗಳೇ ಇರಬಹುದು. ಆದರೆ ಕಂಪನಿಗಳು ಶ್ರೀಮಂತ ದೇಶಗಳಲ್ಲಿ ಹಣ ಹೂಡುವುದು ಅಲ್ಲಿನ ವಿಶ್ವವಿದ್ಯಾಲಯಗಳು ದಶಕಗಳ ಸಾರ್ವಜನಿಕ ಹಣದಿಂದ ಜನರನ್ನೂ ಜ್ಞಾನವನ್ನೂ ಬೆಳೆಸಿಟ್ಟಿವೆ ಎಂಬ ಕಾರಣಕ್ಕೆ. ಸಾವೊ ಪಾಲೊದಲ್ಲೂ ಜೀನೋಮ್ ಮೊದಲು ಬಂತು, ಬಂಡವಾಳ ಆಮೇಲೆ ಬಂತು. ಕೊನೆಯ ಮೆಟ್ಟಿಲನ್ನು ಮೊದಲು ಕಟ್ಟಿದರೆ, ಪ್ರತಿಷ್ಠಾನದ ಬಜೆಟ್ಟಿನ ಮುಕ್ಕಾಲು ಪಾಲನ್ನು ಯಾರೂ ಮಾತು ಕೊಡದ ಹಣದ ಮೇಲೆ ನಿಲ್ಲಿಸಿದರೆ, ಅನಿಶ್ಚಿತತೆ ಇನ್ನಷ್ಟು ಹೆಚ್ಚುತ್ತದೆ.

ಮೂರನೆಯ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ: ಸಮಯದ ಮಾತು ಆಡುತ್ತಾ ಹಣ ಸಾಲದು ಎಂಬ ಬೇಡಿಕೆಯನ್ನು ನೀವೇ ದುರ್ಬಲಗೊಳಿಸುತ್ತಿದ್ದೀರಿ ಎಂದು ವಿಜ್ಞಾನಿಗಳೇ ಕೇಳಬಹುದು. ಶೇ 0.64 ಸಾಲದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗಿನ ಕೊಳವೆಯಲ್ಲೇ ಇಮ್ಮಡಿ ಹಣ ಸುರಿದರೆ ಮಾರ್ಚ್ ತಿಂಗಳಿನ ಅವಸರದ ಖರೀದಿ ಇಮ್ಮಡಿಯಾಗುತ್ತದೆಯೇ ಹೊರತು ಸಂಶೋಧನೆಯಲ್ಲ. ಹದ ಮೀರಿದ ಮೇಲೆ ಸುರಿದ ಮಳೆಯಿಂದ ಬಿತ್ತನೆಗೆ ಪ್ರಯೋಜನವಿಲ್ಲ. ದೊಡ್ಡ ಮೊತ್ತಕ್ಕೆ ದೇಶದ ಆರ್ಥಿಕತೆ ಬೆಳೆಯುವವರೆಗೆ ಕಾಯಬೇಕಾಗಬಹುದು. ಹಣವನ್ನು ಸಕಾಲಕ್ಕೆ ಕೊಡಲು ಕಾಯುವ ಅಗತ್ಯವಿಲ್ಲ. 2024ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಸಂಶೋಧನಾ ಬಜೆಟ್ಟನ್ನು ಶೇ 15ರಷ್ಟು ಕಡಿತ ಮಾಡಿದಾಗ ಅಷ್ಟು ಶ್ರೀಮಂತ ವ್ಯವಸ್ಥೆಯೇ ತಲ್ಲಣಿಸಿತು, ಮರುವರ್ಷ ಸರ್ಕಾರ ಹಿಂದೆ ಸರಿಯಬೇಕಾಯಿತು. ಶೇ 5 ಖರ್ಚು ಮಾಡುವವರೂ ಸಹಿಸದ ಅಸ್ಥಿರತೆಯನ್ನು ಶೇ 0.64 ಖರ್ಚು ಮಾಡುವ ನಾವು ಪ್ರತಿವರ್ಷದ ಸಹಜ ಸ್ಥಿತಿ ಎಂದುಕೊಂಡಿದ್ದೇವೆ.

ಕರ್ನಾಟಕಕ್ಕೆ ಇದು ದೆಹಲಿಯ ಕಡೆ ಕೈತೋರಿಸಿ ಸುಮ್ಮನಿರಬಹುದಾದ ವಿಷಯವಲ್ಲ. ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ದಶಕಗಳ ಕಾಲ ಮಲೆನಾಡಿನಲ್ಲಿ ಹಾಕುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ಇನ್ನೂ ನಡೆದಿದೆ. ಬೋಸ್ಟನ್ ಅಥವಾ ಸೋಲ್‌ನ ಪ್ರಯೋಗಾಲಯಕ್ಕೆ ಈ ರೋಗ ಆದ್ಯತೆಯಾಗುವುದಿಲ್ಲ, ಆಗಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಅಡಿಕೆಯ ಎಲೆಚುಕ್ಕಿ ರೋಗವೂ ಅಷ್ಟೇ. ಇವು ಇಲ್ಲಿನವರೇ, ಇಲ್ಲಿಯೇ ಕೂತು ಮಾಡಬೇಕಾದ ಕೆಲಸಗಳು. ರಾಜ್ಯಕ್ಕೆ ತನ್ನದೇ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇದೆ, ಸಿ.ಎನ್‌.ಆರ್. ರಾವ್ ನೇತೃತ್ವದಲ್ಲಿ ಬೆಳೆದ ವಿಷನ್ ಗ್ರೂಪ್ ಜಿಲ್ಲೆಗಳ ಕಾಲೇಜುಗಳಿಗೂ ಸಣ್ಣ ಅನುದಾನ ಕೊಟ್ಟ ಅನುಭವವಿದೆ. ಇಲ್ಲದ್ದು ಕಾನೂನಿನ ಭದ್ರತೆ. ರಾಜ್ಯದ ಸ್ವಂತ ತೆರಿಗೆ ಆದಾಯ 2025–26ರ ಬಜೆಟ್ ಅಂದಾಜಿನಲ್ಲಿ ₹2 ಲಕ್ಷ ಕೋಟಿ ದಾಟಿದೆ. ಸಾವೊ ಪಾಲೊದಂತೆ ಶೇ 1 ಬೇಡ, ಅದರ ಹತ್ತನೆಯ ಒಂದು ಪಾಲನ್ನು ಕಾಯ್ದೆಯ ಮೂಲಕ ಮೀಸಲಿಟ್ಟರೂ ವರ್ಷಕ್ಕೆ ₹200 ಕೋಟಿಗೂ ಹೆಚ್ಚಾಗುತ್ತದೆ. ತಿಂಗಳ ಕಂತು, ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶ, ಅನಿರೀಕ್ಷಿತ ಖರ್ಚಿಗೆ ಸಣ್ಣ ಮೀಸಲು, ಆಡಳಿತ ವೆಚ್ಚಕ್ಕೆ ಮಿತಿ ಇವಿಷ್ಟನ್ನು ಆ ಕಾಯ್ದೆಯಲ್ಲೇ ಬರೆಯಬೇಕು. ಮಂಗನ ಕಾಯಿಲೆ ಹರಡುವ ಉಣುಗುಗಳ ಕಾಲ ಮಳೆ ಮುಗಿದ ಮೇಲೆ ಶುರುವಾಗಿ ಬೇಸಿಗೆಯ ಕೊನೆಯವರೆಗೆ ಇರುತ್ತದೆ. ಅವುಗಳನ್ನು ಹಿಡಿದು ಪರೀಕ್ಷಿಸುವ ತಂಡಕ್ಕೆ ವಾಹನ, ರಾಸಾಯನಿಕ, ಸಂಬಳ ಎಲ್ಲವೂ ಅಕ್ಟೋಬರಿಗೆ ಮುಂಚೆ ಸಿದ್ಧವಿರಬೇಕು. ಮಾರ್ಚ್‌ನಲ್ಲಿ ಬಿಡುಗಡೆಯಾಗುವ ಅನುದಾನದಿಂದ ಆ ವರ್ಷದ ಉಣುಗು ಸಿಗುವುದಿಲ್ಲ.